ಅಣ್ಣನ ಸಾಬೂನು, ನನ್ನ ಸೋಮವಾರ

ಗಂಡಸರ ಗಡ್ಡ ಇಷ್ಟು ಬೇಗ ಬೆಳೆಯುತ್ತದೆ ಎಂದು ಅರವತ್ತಾರನೆಯ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಮದುವೆಯಾಗಲಿಲ್ಲ, ಹಾಗಾಗಿ ಆ ಗೊಡವೆಯೇ ಬರಲಿಲ್ಲ. ಅಪ್ಪನ ಕಾಲದಲ್ಲಿ ದಾಡಿ ಎಂದರೆ ಹಿತ್ತಲ ಕಡೆ ನಡೆಯುವ ಕೆಲಸ, ಆ ಹೊತ್ತಿಗೆ ಹೆಣ್ಣುಮಕ್ಕಳು ಅತ್ತ ಹಾಯುತ್ತಿರಲಿಲ್ಲ. ಕಚೇರಿಯಲ್ಲಿ ಮೂವತ್ತೆರಡು ವರ್ಷ ಗಂಡಸರ ನಡುವೆ ಕೂತು ಕಡತ ನೋಡಿದೆ. ಅವರೆಲ್ಲ ಮುಂಜಾನೆ ನುಣ್ಣಗೆ ಬರುತ್ತಿದ್ದರು, ಸಂಜೆ ನುಣ್ಣಗೆ ಹೋಗುತ್ತಿದ್ದರು. ಆ ನುಣುಪಿನ ಹಿಂದೆ ಯಾರದೋ ಬೆಳಗಿನ ಅರ್ಧ ತಾಸು ಇದೆ ಎಂದು ನಾನೇಕೆ ಯೋಚಿಸಲಿ? ಈಗ ದಿನಾ ಎದ್ದ ಕೂಡಲೇ ನಾನು ಮೊದಲು ನೋಡುವುದು ಅಣ್ಣನ ಗದ್ದವನ್ನು.

ಅಣ್ಣನಿಗೆ ಎಪ್ಪತ್ಮೂರು. ಸರಕಾರಿ ಸರ್ವೇಯರ್ ಆಗಿ, ಹೊಲಗಳ ಮೇರೆ ಅಳೆಯುತ್ತ ತಾಲೂಕು ತುಂಬ ಅಡ್ಡಾಡಿದವನು. ಅತ್ತಿಗೆ ತೀರಿಕೊಂಡ ಮೇಲೆ ಗೋಪನಕೊಪ್ಪದ ನನ್ನ ಮನೆಗೆ ಬಂದ. ಒಬ್ಬರಿಗೊಬ್ಬರು ಆಸರೆಯಾದೀತು ಎಂದು ಇಬ್ಬರೂ ಅಂದುಕೊಂಡೆವು, ಎರಡು ವರ್ಷ ಹಾಗೇ ಆಯಿತು ಕೂಡ. ಆಮೇಲೆ ಅವನ ನೆನಪು ಕೈಕೊಡತೊಡಗಿತು. ಮೊದಲು ಮಂದಿಯ ಹೆಸರು ಹೋದವು, ನಂತರ ಓಣಿಯ ತಿರುವುಗಳು, ನಂತರ ಉಂಡದ್ದು. ತಟ್ಟೆ ತೊಳೆದಿಟ್ಟು ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ, "ತಂಗಿ, ನಂದು ಊಟಾ ಆತೇನು?" ಎಂದು ಕೇಳುತ್ತಾನೆ. ಅಂಗಿಯ ಗುಂಡಿ ನಾನು ಹಾಕಬೇಕು, ಚಪ್ಪಲಿಯ ಎಡ ಬಲ ನಾನು ಹೇಳಬೇಕು. ತನ್ನ ಕೈಯಾರೆ ಮಾಡಿಕೊಳ್ಳಲು ಅವನಿಗೆ ಉಳಿದದ್ದು ಒಂದೇ ಒಂದು ಕೆಲಸ, ದಾಡಿ. ಅದೊಂದು ಹೋದರೆ ಅಣ್ಣ ಪೂರ್ತಿ ನನ್ನ ಕೈಗೆ ಬಂದಂತೆ ಎಂದು ನನಗೂ ಗೊತ್ತಿತ್ತು, ಅವನ ಮಗಳಿಗೂ ಗೊತ್ತಿತ್ತು.

ಹಿತ್ತಲ ಬಾಗಿಲ ಪಕ್ಕದ ಕಿಟಕಿಯ ಸರಳಿಗೆ ಒಂದು ಕನ್ನಡಿ ತೂಗುಹಾಕಿದ್ದೇನೆ. ಅದರ ಮುಂದೆ ಒಂದು ಸ್ಟೂಲು. ಸ್ಟೂಲಿನ ಮೇಲೆ ತಂಬಿಗೆಯಲ್ಲಿ ಬಿಸಿನೀರು, ಪ್ಲಾಸ್ಟಿಕ್ ಡಬ್ಬಿಯಲ್ಲಿ ದುಂಡನೆಯ ಸಾಬೂನು, ಕೂದಲು ಉದುರಿ ಅರ್ಧವಾದ ಬ್ರಷ್, ಬ್ಲೇಡು ಹಾಕುವ ಹಳೆಯ ರೇಜರ್. ಅಣ್ಣ ಮೊದಲು ಮುಖ ತೋಯಿಸುತ್ತಾನೆ. ಬ್ರಷ್ಷನ್ನು ನೀರಲ್ಲಿ ಅದ್ದಿ ಎರಡು ಸಲ ಜಾಡಿಸುತ್ತಾನೆ. ಒಂದು ಸಲ ಅಲ್ಲ, ಮೂರು ಸಲವೂ ಅಲ್ಲ. ನೊರೆ ಗಟ್ಟಿಯಾಗುವ ತನಕ ಸಾಬೂನಿನ ಮೇಲೆ ಸುತ್ತುತ್ತಾನೆ. ನಂತರ ಬಲಗೆನ್ನೆ, ಗದ್ದ, ಎಡಗೆನ್ನೆ, ಮೇಲ್ದುಟಿ, ಕೊನೆಗೆ ಕುತ್ತಿಗೆ. ಆಮೇಲೆ ಬ್ರಷ್ ಕೆಳಗಿಟ್ಟು, ಕೂದಲು ಮೆತ್ತಗಾಗಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾನೆ. ನಾನು ಯಾರು ಎಂದು ಮರೆತ ದಿನವೂ ಈ ಕ್ರಮ ತಪ್ಪಿಲ್ಲ. ಕುತ್ತಿಗೆಯ ಹತ್ತಿರ ಮಾತ್ರ ಅವನ ಕೈ ನಡುಗುತ್ತದೆ, ಅಲ್ಲಿ ರೇಜರ್ ನಾನು ಹಿಡಿಯುತ್ತೇನೆ.

ನೌಕರಿಯಲ್ಲಿದ್ದಾಗ ಈ ಸಾಮಾನೆಲ್ಲ ಅವನ ಚೀಲದಲ್ಲೇ ಇರುತ್ತಿತ್ತು. ಒಮ್ಮೆ ಶಿರಗುಪ್ಪಿಯ ಕಡೆ ಇಬ್ಬರು ದಾಯಾದಿಗಳ ಮೇರೆ ತಂಟೆ ಅಳೆಯಲು ಹೋಗಿ ಎರಡು ದಿನ ಅಲ್ಲೇ ಉಳಿದನಂತೆ. ಮುಂಜಾನೆ ಶಾಲೆಯ ಕಟ್ಟೆಯ ಮೇಲೆ ಕೂತು ನೊರೆ ಹಚ್ಚಿಕೊಳ್ಳುತ್ತಿದ್ದರೆ, ಹಿಂದಿನ ದಿನ ಕೊಡಲಿ ಹಿಡಿದು ಬಂದಿದ್ದ ಎರಡೂ ಕಡೆಯವರು ಎದುರು ನಿಂತು ಮುಗಿಯುವ ತನಕ ಬಾಯಿಮುಚ್ಚಿ ಕಾಯ್ದರಂತೆ. "ಗಡ್ಡಾ ಬಿಟ್ಟ ಸರ್ವೇಯರ್‌ನ ಅಳತಿ ಯಾರೂ ನಂಬೂದಿಲ್ಲ ತಂಗಿ. ಮುಖಾ ಸ್ವಚ್ಛ ಇದ್ರ ಮಂದಿ ಅಳಿಯೂ ಸರಪಳೀನೂ ನಂಬ್ತಾರ" ಎಂದು ಅದನ್ನು ಎಷ್ಟು ಸಲ ಹೇಳಿದ್ದಾನೋ. ಆಗೆಲ್ಲ ನಾನು ನಗುತ್ತಿದ್ದೆ.

ಕೇಳಲು ಚೆನ್ನಾಗಿದೆ. ದಿನಾ ಪಕ್ಕದಲ್ಲಿ ನಿಲ್ಲುವವಳಿಗೆ ಅಷ್ಟು ಚೆನ್ನಾಗಿಲ್ಲ. ಅರ್ಧ ತಾಸು ದಾಡಿಯದು ಮಾತ್ರ. ನಮ್ಮ ಮನೆತನದಲ್ಲಿ ದಾಡಿ ಮಾಡಿಕೊಂಡವನು ಜಳಕವಾಗದೆ ಒಳಗೆ ಕಾಲಿಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಎಲ್ಲ ಮರೆತರೂ ಅಣ್ಣ ಇದನ್ನು ಮರೆತಿಲ್ಲ. ಮುಖ ಒರೆಸಿಕೊಂಡು, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಹಿತ್ತಲಲ್ಲೇ ನಿಂತುಬಿಡುತ್ತಾನೆ. ಹಾಗಾಗಿ ದಾಡಿಯ ಹಿಂದೆ ಜಳಕ, ಜಳಕದ ಹಿಂದೆ ಒಗೆಯುವ ಬಟ್ಟೆ, ಬಟ್ಟೆಯ ಹಿಂದೆ ನೀರಿನ ಚಿಂತೆ; ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ಅದರ ಮನಸ್ಸಿಗೆ ಬಂದಾಗ. ಅವನನ್ನು ಬಚ್ಚಲಲ್ಲಿ ಕೂರಿಸಿ ಎಬ್ಬಿಸುವಷ್ಟರಲ್ಲಿ ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಎಲ್ಲ ಮುಗಿದು ನಾಷ್ಟಾಕ್ಕೆ ಕೂರುವ ಹೊತ್ತಿಗೆ ನನ್ನ ಚಹಾ ಎರಡು ಸಲ ಆರಿರುತ್ತದೆ. ನನಗೆ ದಣಿವಾಗಿದೆ, ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಅಣ್ಣನ ಮೇಲೆ ಜೀವವಿದೆ, ದಣಿವೂ ಇದೆ, ಅದರಿಂದ ಇದೇನೂ ಕಡಿಮೆಯಾಗಿಲ್ಲ.

ಅಣ್ಣನ ಮಗಳು ಧಾರವಾಡದಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ರವಿವಾರ ಬಸ್ಸು ಹತ್ತಿ ಬರುತ್ತಾಳೆ. ನನ್ನ ಕಣ್ಣಿನ ಕೆಳಗಿನ ಕಪ್ಪು ನೋಡಿ ಅವಳಿಗೂ ಕೆಡುಕೆನಿಸಿರಬೇಕು, ಒಂದು ವಾರ ಬರುವಾಗ ಉದ್ದನೆಯ ಕ್ಯಾನೊಂದನ್ನು ತಂದಳು. ದಾಡಿಯ ಫೋಮ್.

"ಅತ್ತಿ, ಇದನ ಹಚ್ಚಿ ನೋಡು. ಬ್ರಷ್ ಬ್ಯಾಡ, ಸಾಬಾಣ ಬ್ಯಾಡ. ಒತ್ತೂದು, ಹಚ್ಚೂದು, ತೆಗಿಯೂದು. ಐದ ನಿಮಿಷದಾಗ ಮುಗೀತೈತಿ."

ಐದು ನಿಮಿಷ ಎಂದ ಕೂಡಲೇ ನನ್ನ ಕಣ್ಣು ಅರಳಿದವು. ಮಂಗಳವಾರ ಬೆಳಿಗ್ಗೆಯೇ ಬ್ರಷ್ಷನ್ನೂ ಸಾಬೂನನ್ನೂ ಎತ್ತಿಟ್ಟು, ಸ್ಟೂಲಿನ ಮೇಲೆ ಕ್ಯಾನು ಇಟ್ಟೆ. ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನೇ ಒತ್ತಿದೆ. ಬುಸ್ ಎಂದು ಅವನ ಅಂಗೈ ತುಂಬ ಬಿಳಿಯದು ಬಂತು. ಅವನು ಬೆಚ್ಚಿ, ಅದನ್ನೇ ನೋಡುತ್ತ ನಿಂತ. ಆಮೇಲೆ ಇನ್ನೊಂದು ಕೈಯಿಂದ ಸ್ಟೂಲಿನ ಮೇಲೆ ಬ್ರಷ್ ತಡಕಿದ. ಸಿಗಲಿಲ್ಲ. ಬೆರಳನ್ನೇ ತಂಬಿಗೆಯಲ್ಲಿ ಅದ್ದಿ, ಎರಡು ಸಲ ಜಾಡಿಸಿ, ಅಂಗೈಯಲ್ಲಿದ್ದ ಫೋಮನ್ನು ಸುತ್ತತೊಡಗಿದ. ಸುತ್ತಿದಷ್ಟೂ ಅದು ಇಳಿಯಿತು. ಸಾಬೂನು ಸುತ್ತಿದಷ್ಟು ಏರುವುದು, ಇದು ನೀರು ಕಂಡರೆ ಕರಗುವುದು. ಎರಡು ನಿಮಿಷದಲ್ಲಿ ಅಂಗೈಯಲ್ಲಿ ಉಳಿದದ್ದು ಒಂದಿಷ್ಟು ಬೆಳ್ಳಗಿನ ನೀರು.

"ಇದು ಗಾಳಿ ಐತಿ ತಂಗಿ. ಸಾಬಾಣ ಅಲ್ಲ" ಎಂದ.

ನನಗೆ ಸಿಟ್ಟು ಬಂತು. ನಾನೇ ಅವನ ಕೆನ್ನೆಗೆ ಫೋಮ್ ಬಳಿದು ರೇಜರ್ ಕೈಗೆ ಕೊಟ್ಟೆ. ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ತೋಯಿಸಿದ್ದಿಲ್ಲ, ಸುತ್ತಿದ್ದಿಲ್ಲ, ಕಾಯ್ದದ್ದಿಲ್ಲ. ಹಿಂದಿನ ಮೆಟ್ಟಿಲುಗಳಿಲ್ಲದೆ ಅವನನ್ನು ನಾನು ನೇರ ಅಟ್ಟದ ಮೇಲೆ ನಿಲ್ಲಿಸಿದ್ದೆ. ರೇಜರನ್ನು ಅಡ್ಡ ಎಳೆದ. ಗದ್ದದ ಕೆಳಗೆ ಬಿಳಿಯದರಲ್ಲಿ ಕೆಂಪು ಇಳಿಯಿತು. ಪಟಿಕದ ಹರಳು ಒತ್ತಿ ರಕ್ತ ನಿಲ್ಲಿಸಿ, ರೇಜರನ್ನು ನನ್ನ ಕೈಗೆ ತೆಗೆದುಕೊಂಡೆ.

ಆಮೇಲೆ ಹತ್ತು ದಿನ ನಾನೇ ಮಾಡಿದೆ. ಫೋಮ್ ನನಗೆ ಒಗ್ಗಿತು. ಸುಳ್ಳೇಕೆ ಹೇಳಲಿ, ಒಳ್ಳೆಯ ವಸ್ತು. ರೇಜರ್ ಸರಾಗ ಜಾರುತ್ತದೆ, ನೆಲಕ್ಕೆ ಸಿಡಿಯುವುದಿಲ್ಲ, ಬ್ರಷ್ ತೊಳೆದು ಒಣಗಿಸುವ ಕೆಲಸವಿಲ್ಲ. ಅಣ್ಣನ ಮುಖ ಹಿಂದೆಂದಿಗಿಂತ ನುಣ್ಣಗಾಯಿತು. ಅಣ್ಣ ಮಾತ್ರ ಕೆಟ್ಟ. ಕುರ್ಚಿಯಿಂದ ಎದ್ದ ಮೇಲೆ, "ಆತೇನು? ಈಗ ನಾ ಏನ ಮಾಡ್ಲಿ?" ಎನ್ನುತ್ತಿದ್ದ. ಜಳಕವಾದ ಮೇಲೂ ಅದೇ ಮಾತು, ಊಟಕ್ಕೆ ಮುಂಚೆ ಅದೇ ಮಾತು. ಕೈ ಮಾಡದ ಕೆಲಸ ಆಯಿತೆಂದು ಅವನಿಗೆ ಅನ್ನಿಸುತ್ತಲೇ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಹಿತ್ತಲ ಕನ್ನಡಿಗೆ ಹೋಗಿ ನಿಲ್ಲುತ್ತಿದ್ದ. ಹನ್ನೊಂದನೆಯ ದಿನ ನಾನು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿ ಬರುವಷ್ಟರಲ್ಲಿ, ಎಲ್ಲಿಂದಲೋ ರೇಜರ್ ಹುಡುಕಿಕೊಂಡು ಒಣ ಮುಖದ ಮೇಲೆ ಎಳೆದುಕೊಂಡಿದ್ದ. ಎರಡೂ ಕೆನ್ನೆಯ ತೊಗಲು ಕಿತ್ತಿತ್ತು. ಅವನಿಗೆ ಉರಿಯುತ್ತಿತ್ತೋ ಇಲ್ಲವೋ, ನಾನು ಮಾತ್ರ ಬಾಗಿಲಲ್ಲೇ ಕೂತು ಅತ್ತೆ.

ಮತ್ತೆ ಸಾಬೂನು ಬಂತು. ಹಳೆಯ ಬ್ರಷ್ಷನ್ನೂ ಸಾಬೂನನ್ನೂ ಅಷ್ಟರಲ್ಲಿ ಅಣ್ಣನ ಮಗಳು ಎಸೆದಿದ್ದಳು. ಹತ್ತಿರದ ಅಂಗಡಿಗಳಲ್ಲಿ ಕೇಳಿದರೆ ಎಲ್ಲರೂ ಕ್ಯಾನು ತೋರಿಸಿದರು, ಒಬ್ಬನಂತೂ "ಯಾರಿಗೆ ಬೇಕ್ರಿ ಅಮ್ಮಾ, ನಾಟಕಕ್ಕೇನು?" ಎಂದ. ಕೊನೆಗೆ ಅಮರಗೋಳದಲ್ಲಿ, ಮಾರುಕಟ್ಟೆಯ ಹಮಾಲರು ಬೀಡಿ ಬೆಂಕಿಪೊಟ್ಟಣ ಕೊಳ್ಳುವ ಒಂದು ಗೂಡಂಗಡಿಯಲ್ಲಿ ಎರಡೂ ಸಿಕ್ಕವು. ಅಂಗಡಿಯ ಮುದುಕ ಸಾಹೇಬರು ಬ್ರಷ್ಷಿನ ಕೂದಲನ್ನು ಬೆರಳಿಂದ ಬಾಗಿಸಿ ತೋರಿಸಿ, "ಬಿಸಿನೀರಾಗ ಭಾಳ ಹೊತ್ತ ಇಡಬ್ಯಾಡ್ರಿ ಬಾಯಾರ, ಬುಡಾ ಸಡ್ಲಾಕ್ಕೈತಿ" ಎಂದು ಹೇಳಿ ಕೊಟ್ಟರು. ಮರುದಿನ ಬೆಳಿಗ್ಗೆ ಅಣ್ಣ ಅದನ್ನು ನೀರಲ್ಲಿ ಅದ್ದಿ ಎರಡು ಸಲ ಜಾಡಿಸಿದ. ಮಧ್ಯಾಹ್ನದವರೆಗೆ ಒಂದೂ ಪ್ರಶ್ನೆ ಕೇಳಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಾಬೂನಿನ ಜೊತೆ ಅರ್ಧ ತಾಸೂ ಮರಳಿ ಬಂತು, ಹಿತ್ತಲಲ್ಲಿ ನಿಲ್ಲುವುದೂ, ನೆಲ ಒರೆಸುವುದೂ. ಹತ್ತು ದಿನ ಫೋಮಿನ ಸುಖ ಕಂಡ ನನ್ನ ಮೊಣಕಾಲಿಗೆ ಇದು ಮೊದಲಿಗಿಂತ ಭಾರವಾಯಿತು.

ನಮ್ಮಲ್ಲಿ ಸೋಮವಾರ ದಾಡಿ ಮಾಡಿಕೊಳ್ಳುವುದಿಲ್ಲ. ಅದು ಶಿವನ ವಾರ. ಅಪ್ಪನೂ ಮಾಡಿಕೊಳ್ಳುತ್ತಿರಲಿಲ್ಲ, ಅಣ್ಣನೂ ಇಷ್ಟು ವರ್ಷ ಮಾಡಿಕೊಂಡಿಲ್ಲ. ಯಾವ ವಾರ ಎಂಬುದು ಈಗ ಅವನಿಗೆ ತಿಳಿಯದ್ದರಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮೊದಲು ನನ್ನನ್ನೇ ಕೇಳುತ್ತಾನೆ. "ತಂಗಿ, ಇವತ್ತ ಯಾವ ವಾರ?" ನಾನು ಮಂಗಳವಾರ ಎಂದೋ ಶುಕ್ರವಾರ ಎಂದೋ ಹೇಳಿದರೆ ತಂಬಿಗೆಗೆ ಕೈ ಹಾಕುತ್ತಾನೆ.

ಒಂದು ಬುಧವಾರ ಎದ್ದಾಗ ನನಗೆ ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಅವನು ಕೇಳಿದ. "ಸೋಮವಾರ" ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಅಣ್ಣ ತಲೆಯಾಡಿಸಿ, ಬ್ರಷ್ಷನ್ನು ಜೋಪಾನವಾಗಿ ಡಬ್ಬಿಯ ಮೇಲಿಟ್ಟು, ಒಳಗೆ ಬಂದು ಕೂತ. ದಾಡಿಯಿಲ್ಲ ಎಂದ ಮೇಲೆ ಜಳಕವನ್ನು ಸಂಜೆಗೆ ತಳ್ಳಬಹುದು, ಒದ್ದೆ ಟವೆಲಿನಿಂದ ಮೈ ಒರೆಸಿದರೂ ನಡೆಯುತ್ತದೆ. ಆ ದಿನ ನಾನು ಎಷ್ಟೋ ತಿಂಗಳ ಮೇಲೆ ಬಿಸಿ ಬಿಸಿ ಚಹಾ ಕುಡಿದೆ. ಕಾಲು ಚಾಚಿ ಪೇಪರ್ ಓದಿದೆ. ಮೂವತ್ತೆರಡು ವರ್ಷ ಯಾವ ಕಡತದಲ್ಲೂ ಒಂದು ತಾರೀಖು ತಪ್ಪು ಬರೆದವಳಲ್ಲ ನಾನು, ಈ ತಪ್ಪು ಮಾತ್ರ ಬಲು ರುಚಿಯಾಗಿತ್ತು.

ಮುಂದಿನ ವಾರ ಸೋಮವಾರ ಎರಡು ಸಲ ಬಂತು, ಅದರ ಮುಂದಿನ ವಾರ ಮೂರು ಸಲ, ಆಮೇಲೆ ನಾಲ್ಕೂ ಆಯಿತು. ಅಣ್ಣ ಓದಬಲ್ಲ, ಹಾಗಾಗಿ ಗೋಡೆಯ ಕ್ಯಾಲೆಂಡರ್ ತೆಗೆದು ನನ್ನ ಕಪಾಟಿನಲ್ಲಿಟ್ಟೆ.

ಸೋಮವಾರಕ್ಕೆ ಇನ್ನೊಂದು ನೇಮವಿತ್ತು. ಅಂದು ಅಣ್ಣ ಒಪ್ಪತ್ತು, ಮಧ್ಯಾಹ್ನ ಒಂದೇ ಊಟ, ರಾತ್ರಿಗೆ ಏನೂ ಇಲ್ಲ. ನಾನು ಬೆಳಿಗ್ಗೆ ಹೇಳಿದ್ದು ಸಂಜೆಗೆ ಅವನಿಗೆ ನೆನಪಿರುತ್ತಿರಲಿಲ್ಲ. ಆದರೆ ಉಣ್ಣಲು ಕರೆದಾಗ ಕೆನ್ನೆಯ ಮೇಲೆ ಕೈಯಾಡಿಸಿ ನೋಡಿಕೊಳ್ಳುತ್ತಿದ್ದ. ಒರಟು ಹತ್ತಿದರೆ, "ಇವತ್ತ ಸೋಮವಾರ ಕಾಣ್ತೈತಿ, ನಂಗ ಒಪ್ಪತ್ತು" ಎನ್ನುತ್ತಿದ್ದ. ಅವನ ಕ್ಯಾಲೆಂಡರ್ ಅವನ ಮುಖದ ಮೇಲೇ ಇತ್ತು, ಅದನ್ನು ನಾನು ಕಪಾಟಿನಲ್ಲಿ ಇಡಲು ಆಗುತ್ತಿರಲಿಲ್ಲ. ಮೊದಮೊದಲು ನಾನು ಒತ್ತಾಯ ಮಾಡಿದೆ, ಆಮೇಲೆ ಬಿಟ್ಟೆ. ಒಬ್ಬಳಿಗಾದರೆ ರೊಟ್ಟಿ ಬಡಿಯಬೇಕಾಗಿರಲಿಲ್ಲ, ಮಧ್ಯಾಹ್ನದ ಅನ್ನಕ್ಕೆ ಮೊಸರು ಕಲಸಿದರೆ ಸಾಕಾಗುತ್ತಿತ್ತು. ನಿಜ ಹೇಳಬೇಕೆಂದರೆ ಅದೂ ಒಂದು ಬಿಡುವು ಎಂದುಕೊಂಡೆ.

ಹೀಗೆ ಒಂದೂವರೆ ತಿಂಗಳು ನಡೆಯಿತು. ಕಾಲೇಜಿನ ಪರೀಕ್ಷೆಗಳಿದ್ದುದರಿಂದ ಅಷ್ಟು ದಿನ ಅಣ್ಣನ ಮಗಳು ಬಂದಿರಲಿಲ್ಲ. ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತಿ, ಅಪ್ಪಾ ಯಾಕ ಇಷ್ಟ ಇಳದಾರ? ಅಂಗಿ ತೂಗಾಡಾಕತ್ತೈತಿ ಮೈಮ್ಯಾಲ."

"ವಯಸ್ಸಾತಲ್ಲ" ಎಂದೆ.

ಅಣ್ಣ ಮಗಳ ಮುಖ ನೋಡಿ ಖುಷಿಯಾಗಿ, ಒರಟು ಕೆನ್ನೆ ಸವರಿಕೊಳ್ಳುತ್ತ, "ಸೋಮವಾರ ಕಾಲೇಜ ಬಿಟ್ಟ ಬಂದೀಯಲ್ಲ, ಸೂಟಿ ಏನು?" ಎಂದ. ಅಂದು ರವಿವಾರ. ಬೆಳಿಗ್ಗೆ ಸೋಮವಾರ ಎಂದಿದ್ದವಳು ನಾನು. ಅವಳು ನನ್ನ ಕಡೆ ತಿರುಗಿ, ದನಿ ಇಳಿಸಿ, "ಅಪ್ಪಾ ವಾರಾನೂ ಮರ್ತ್ರಲ್ಲ ಅತ್ತಿ" ಎಂದು ಕಣ್ಣೊರೆಸಿಕೊಂಡಳು. ನಾನು ಒಪ್ಪಿಕೊಳ್ಳಬಹುದಿತ್ತು, ಒಪ್ಪಿಕೊಳ್ಳಲಿಲ್ಲ. ನನ್ನ ಸುಳ್ಳನ್ನು ಅವನ ಕಾಯಿಲೆಯ ಮೇಲೆ ಹಾಕಿ, ಅವಳಿಗೆ ಚಹಾ ಇಡಲು ಒಳಗೆ ಹೋದೆ. ಅವಳು ಮಧ್ಯಾಹ್ನದ ಬಸ್ಸಿಗೆ ಹೋದಳು, ಹೋಗುವಾಗ "ಡಾಕ್ಟರಿಗೆ ತೋರಸೋಣು" ಎಂದು ಹೇಳಿ ಹೋದಳು. ಡಾಕ್ಟರಿಗೆ ಏನು ತೋರಿಸುವುದು? ನಾನು ಅಣ್ಣನನ್ನು ವಾರಕ್ಕೆ ನಾಲ್ಕು ರಾತ್ರಿ ಹಸಿದು ಮಲಗಿಸಿದ್ದೆ.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೇ ಹಿಟ್ಟು ಕಲಸಿ ರೊಟ್ಟಿ ಬಡಿದೆ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಮೊಸರು. ಅಣ್ಣನನ್ನು ಕರೆದು ತಟ್ಟೆ ಮುಂದಿಟ್ಟೆ. ಅವನು ಕೆನ್ನೆ ಸವರಿಕೊಂಡ.

"ಇವತ್ತ ಸೋಮವಾರ ಐತಿ. ಒಪ್ಪತ್ತು."

"ಸೋಮವಾರ ಅಲ್ಲಣ್ಣಾ, ರವಿವಾರ. ಉಣ್ಣು."

"ಗಡ್ಡಾ ಐತಲ್ಲ ಮತ್ತ?"

ಅವನಿಗೆ ಏನು ಹೇಳಿದರೂ ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಹೇಳದಿದ್ದರೂ ನಡೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ನಾ ಸುಳ್ಳ ಹೇಳಿದ್ನಿ. ಮುಂಜಾನೆ ನೀ ಕೇಳ್ತೀಯಲ್ಲ, ಆಗ ಸೋಮವಾರ ಅಂತ ಸುಳ್ಳ ಹೇಳ್ತೇನಿ. ಇವತ್ತೊಂದ ಅಲ್ಲ, ಭಾಳ ದಿನಾ ಹೇಳೇನಿ. ನನ್ನ ಕೈಲಿ ಆಗವಲ್ದು ಅಣ್ಣಾ."

ಅಣ್ಣ ತಟ್ಟೆಯನ್ನೇ ನೋಡುತ್ತ ಕೂತ. ಅವನಿಗೆ ತಿಳಿಯಲಿಲ್ಲ ಎಂದುಕೊಂಡು ನಾನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಅವನ ಕೈಗಿಟ್ಟೆ. ಅವನು ಅದನ್ನು ತಟ್ಟೆಯ ಅಂಚಿಗಿಟ್ಟು, ನನ್ನ ಮುಖ ನೋಡಿದ. ಹೊಲದ ಮೂಲೆಯಲ್ಲಿ ನಿಂತು ಆ ಕಲ್ಲಿನಿಂದ ಈ ಕಲ್ಲಿಗೆ ನೋಡುತ್ತಿದ್ದಾಗಿನ ಹಳೆಯ ನೋಟ ಅದು. ಅದನ್ನು ಕಂಡು ಎರಡು ವರ್ಷವಾಗಿತ್ತು.

"ನೀ ದಣದಾಗ ಸೋಮವಾರ ಬರ್ತೈತಿ ತಂಗಿ. ಅಷ್ಟ ನನಗ ತಿಳೀತೈತಿ" ಎಂದ. ತಟ್ಟೆ ಹತ್ತಿರ ಎಳೆದುಕೊಂಡು, "ಬರ್ಲಿ ಬಿಡು. ನಾ ಏನೂ ಅನ್ನೂದಿಲ್ಲ. ಒಂದ ಹೊತ್ತ ಬಿಟ್ರ ನನಗೇನ ಆಗೂದೈತಿ" ಎಂದ.

ಆಮೇಲೆ ರೊಟ್ಟಿ ಎತ್ತಿಕೊಂಡು ಉಂಡ. ಎರಡು ರೊಟ್ಟಿ ಪೂರ್ತಿ ಉಂಡ. ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ, ನನ್ನ ಮುಖ ಅವನಿಗೆ ಕಾಣುವುದು ಬೇಡವಾಗಿತ್ತು. ಅವನಿಗೆ ಎಷ್ಟು ತಿಳಿದಿತ್ತು, ಎಂದಿನಿಂದ ತಿಳಿದಿತ್ತು, ಹಸಿದ ರಾತ್ರಿಗಳಲ್ಲಿ ಎಷ್ಟು ನೇಮದ್ದು ಎಷ್ಟು ನನಗಾಗಿ, ಯಾವುದನ್ನೂ ನಾನು ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುವ ಸ್ಥಿತಿಯಲ್ಲಿ ಉಳಿದಿರಲಿಲ್ಲ. ತಟ್ಟೆ ತೊಳೆದು ಬರುವಷ್ಟರಲ್ಲಿ, "ನಂದು ಊಟಾ ಆತೇನು?" ಎಂದು ಕೇಳಿದ.

ಮರುದಿನ ನಿಜವಾದ ಸೋಮವಾರ. ಪಕ್ಕದ ಮನೆಯವರು ಬೆಳಿಗ್ಗೆ ಶಿವಪೂಜೆಗೆ ಹೂವು ಹರಿಯಲು ನಮ್ಮ ಕಂಪೌಂಡಿಗೆ ಬಂದು ಹೋದರು. ನಾನು ಎದ್ದಾಗ ಮೊಣಕಾಲು ಎಂದಿಗಿಂತ ಹೆಚ್ಚೇ ನೋಯುತ್ತಿತ್ತು. ಅಣ್ಣ ಆಗಲೇ ಹಿತ್ತಲಲ್ಲಿ ಕನ್ನಡಿಯ ಮುಂದೆ ನಿಂತು, ಎರಡು ದಿನದ ಗಡ್ಡವನ್ನು ಸವರಿಕೊಳ್ಳುತ್ತಿದ್ದ.

"ತಂಗಿ, ಇವತ್ತ ಯಾವ ವಾರ?"

ಖರೇ ಹೇಳಿದರೆ ಸಾಕಿತ್ತು, ಬಿಸಿ ಚಹಾ ನನ್ನದಾಗುತ್ತಿತ್ತು. ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಸೋಮವಾರ ಯಾರ ಕೆನ್ನೆಗೂ ಸಾಬೂನು ತಾಗಿಲ್ಲ. ಆದರೆ ಆ ಮಾತನ್ನು ನಾನು ಎಷ್ಟು ಕೆಡಿಸಿಟ್ಟಿದ್ದೆನೆಂದರೆ, ನಿಜವಾದ ದಿನ ಅದನ್ನು ಆಡಲು ನನಗೆ ಬಾಯಿ ಬರಲಿಲ್ಲ.

"ಮಂಗಳವಾರ" ಎಂದೆ, ತಂಬಿಗೆ ತೆಗೆದುಕೊಂಡು ನೀರು ಕಾಯಿಸಲು ತಿರುಗಿದೆ.

ಅವನು ಬ್ರಷ್ ಕೈಗೆತ್ತಿಕೊಂಡು ಕನ್ನಡಿಯಲ್ಲಿ ನನ್ನನ್ನು ನೋಡಿದ.

"ದಣಿವಾಗಿಲ್ಲೇನು ಇವತ್ತ?"

"ಇಲ್ಲಣ್ಣಾ" ಎಂದೆ. ಅಂದು ಬೆಳಿಗ್ಗೆ ನಾನು ಅವನಿಗೆ ಹೇಳಿದ ಎರಡನೆಯ ಸುಳ್ಳು ಅದು.